ಮೂರು ಗಂಟೆಯ ಶಿಷ್ಯೆ

ಬೇಕಲದ ಹೋಟೆಲಿನವರು ಫೋನು ಮಾಡಿ ಕೇಳಿದ್ದು ಇಷ್ಟೇ:
ರಜೆಗೆ ಬಂದ ಒಬ್ಬರಿಗೆ ಬೆಳ್ಳಿಯುಂಗುರ ಮಾಡಲು
ಕಲಿಸಬಹುದೇ, ಮೂರು ಗಂಟೆಯಲ್ಲಿ?

ಅಪ್ಪ ನಕ್ಕರು. ನಗು ಕೆಮ್ಮಾಯಿತು.
ಅವರು ಮೊದಲ ಮೂರು ವರ್ಷ
ಸೋದರಮಾವನ ಅಂಗಡಿಯ ಕಸ ಗುಡಿಸಿದವರು,
ಗುಡಿಸಿದ್ದನ್ನು ಮರಿಗೆಯಲ್ಲಿ ತೊಳೆದು
ಚಿನ್ನದ ಹುಡಿ ಹೆಕ್ಕಿ ಕೊಟ್ಟವರು.
"ಬರಲಿ," ಅಂದರು ಕೊನೆಗೆ. "ದುಭಾಷಿ ನೀನು."

ಅದು ನನ್ನ ಕಸುಬೇ.
ಕುಂಬಳೆ ಪೇಟೆಯ ಅಕ್ಷಯ ಕೇಂದ್ರದಲ್ಲಿ
ಮಲಯಾಳದ ಅರ್ಜಿಗಳಿಗೆ ಕನ್ನಡದ ಬಾಯಿ ಕೊಡುವವಳು;
ನಿಗುದಿ ಎಂದರೆ ತೆರಿಗೆ, ತೊಳಿಲ್ ಎಂದರೆ ಕೆಲಸ,
ಇಲ್ಲಿ ಹೆಬ್ಬೆರಳು ಒತ್ತಿ ಅಜ್ಜೀ, ಇನ್ನೂ ಸ್ವಲ್ಪ ಒತ್ತಿ.
ಅಪ್ಪನ ಹೆಬ್ಬೆರಳನ್ನು ಮಾತ್ರ ಯಂತ್ರ ಒಪ್ಪುವುದಿಲ್ಲ.
ಅರವತ್ತು ವರ್ಷದ ಅರ, ಬೆಂಕಿ, ಬಿಳಿಗಾರ
ಗೆರೆಗಳನ್ನೆಲ್ಲ ತಿಂದು ಮುಗಿಸಿವೆ.
ಪಿಂಚಣಿಗೆ ಪ್ರತಿ ಸಲವೂ ಕಣ್ಣನ್ನೇ ತೋರಿಸಬೇಕು.

ಬಂದವಳ ಹೆಸರು ಹೆಲ್ಮಿ.
ಫಿನ್‌ಲೆಂಡಿನಲ್ಲಿ ಟ್ರಾಮು ಓಡಿಸುತ್ತಾಳಂತೆ,
ಹೆಸರಿಗೆ ಅವರ ಭಾಷೆಯಲ್ಲಿ ಮುತ್ತು ಎಂದರ್ಥವಂತೆ.
"ಮುತ್ತಿಗೆ ಬೆಳ್ಳಿ ಸಾಲದು," ಅಪ್ಪ ಅಂದರು.
ಅದನ್ನು ನಾನು ದಾಟಿಸಲಿಲ್ಲ.

ಮಣೆ ತಗ್ಗು, ಅವಳ ಮೊಣಕಾಲು ಎತ್ತರ.
ಆ ಮಣೆ ಅಣ್ಣ ಪುರಂದರನಿಗೆಂದು ಮಾಡಿಸಿದ್ದು;
ಅವನು ಉಪ್ಪಳದಲ್ಲಿ ಮೊಬೈಲಿನ ಕವಚ ಮಾರುತ್ತಾನೆ.
ನಮ್ಮಲ್ಲಿ ಊದುಗೊಳವೆ ಎರಡು:
ಅಡುಗೆಮನೆಯದ್ದು ನನ್ನದು, ಚಾವಡಿಯದ್ದು ಅವನದು.
ನಾನು ಕೇಳಿರಲಿಲ್ಲ. ಕೇಳಬಹುದೆಂದು ಯಾರೂ ಹೇಳಿರಲಿಲ್ಲ.
ಇವಳು ಹೇಗೆ ಕೇಳಿದಳು, ಸಮುದ್ರ ನೋಡಲು ಬಂದವಳು?

ಅಪ್ಪ ಹೇಳಿದರು, ನಾನು ಹೇಳಿದೆ:
ಬೆರಳಿಗೆ ನೂಲು ಸುತ್ತು,
ನೂಲಿಗಿಂತ ಅರ್ಧ ಅಕ್ಕಿಯಷ್ಟು ಉದ್ದ ಕತ್ತರಿಸು.
ಕಾಯಿಸು, ಬಾಗಿಸು, ಬಡಿ. ಹೊಡೆಯಬೇಡ, ಬಡಿ.
ಬಡಿಯುವುದಕ್ಕೂ ಹೊಡೆಯುವುದಕ್ಕೂ
ನನ್ನ ಇಂಗ್ಲಿಷಿನಲ್ಲಿ ಒಂದೇ ಮಾತಿತ್ತು;
ಕೈಯಲ್ಲಿ ತೋರಿಸಿದೆ.
ಹನ್ನೊಂದರ ರೈಲು ಹೋಯಿತು, ತಕ್ಕಡಿ ನಡುಗಿತು,
ಡಬ್ಬಿಯೊಳಗೆ ಗುಲಗಂಜಿಗಳು ಮಾತಾಡಿದವು.
ಹೆಲ್ಮಿ ತಲೆಯೆತ್ತದೆ ಕೇಳಿದಳು, ಹಳಿ ಎಷ್ಟು ದೂರ?

ಬೆಸುಗೆಯ ಹೊತ್ತಿಗೆ ಅಪ್ಪ ಅಂದರು:
"ಹದ ನೋಡಬೇಕು, ಅನ್ನು."
ಹದ.
ಮಣ್ಣಿಗಿದೆ, ಮಾತಿಗಿದೆ, ಬೆಲ್ಲದ ಪಾಕಕ್ಕಿದೆ,
ಅಮ್ಮನ ಸಿಟ್ಟಿಗೂ ಇತ್ತು.
ಇಂಗ್ಲಿಷಿಗೆ?
ಬಿಸಿ, ಅಂದೆ. ಅಲ್ಲ. ಸಿದ್ಧ, ಅಂದೆ. ಅದೂ ಅಲ್ಲ.
ಇನ್ನೊಂದು ಚಿಟಿಕೆ ಹೊಡೆಯುವಷ್ಟರಲ್ಲಿ ಕೆಡುವಂಥದ್ದು, ಅಂದೆ.
ಟ್ರಾಮಿನಲ್ಲೂ ಅಂಥದ್ದೊಂದಿದೆ, ಅಂದಳು, ಬ್ರೇಕಿಗೆ.

ಅಪ್ಪ ಊದತೊಡಗಿದರು. ಕೆಮ್ಮು ಬಂತು.
ಜ್ವಾಲೆ ಬಾಗಿತು. ಉಂಗುರದಿಂದ ಕಣ್ಣು ತೆಗೆಯದೆ,
ಯಾರೆಂದು ನೋಡದೆ, ಕೊಳವೆಯನ್ನು ಬದಿಗೆ ಚಾಚಿದರು.
ಬದಿಗೆ ಇದ್ದದ್ದು ನಾನು.

ತುದಿ ಒದ್ದೆಯಿತ್ತು, ಎಲೆಯಡಿಕೆಯ ವಾಸನೆ.
ಮೂಗಿನಲ್ಲಿ ಎಳೆದು ಕೆನ್ನೆಯಲ್ಲಿ ತಡೆದು
ಕಡಿಯದ ಹಾಗೆ ಬಿಡುವ ಉಸಿರು;
ನಲವತ್ತು ವರ್ಷದಿಂದ ನನ್ನ ಕಿವಿಯಲ್ಲೇ ಇತ್ತು ಅದರ ಸದ್ದು.
ಬಿಳಿಗಾರ ಉಬ್ಬಿತು, ಕುಗ್ಗಿತು, ಗಾಜಾಯಿತು,
ಬೆಳ್ಳಿ ನಸುಗೆಂಪಾಯಿತು,
ಆಮೇಲೆ ಬಿರುಕಿನುದ್ದಕ್ಕೆ ಏನೋ ಒಂದು
ಕೆಸುವಿನೆಲೆಯ ಮೇಲೆ ನೀರು ಓಡಿದ ಹಾಗೆ
"ಈಗ," ಅಂದರು ಅಪ್ಪ.
ನಾನು ಆಗಲೇ ನಿಲ್ಲಿಸಿದ್ದೆ.

ಸೊಟ್ಟ ಉಂಗುರ.
ಪುರಂದರನದ್ದಾದರೆ ತಿರುಗಿ ಮೂಸೆಗೆ ಬೀಳುತ್ತಿತ್ತು.
ಹೆಲ್ಮಿ ಹುಣಸೆಹುಳಿಯಲ್ಲಿ ತಿಕ್ಕಿ ತಿಕ್ಕಿ
ಬೆರಳಿಗೇರಿಸಿ ಬಾಗಿಲ ಬೆಳಕಿಗೆ ಹಿಡಿದಳು,
ತೆಗೆದಳು, ಮತ್ತೆ ಏರಿಸಿದಳು.
ರಿಕ್ಷಾ ಬಂತು.
ಅಪ್ಪ ಹಣ ಎಣಿಸಿ ಅರ್ಧ ನನ್ನ ಕಡೆ ಸರಿಸಿದರು.
"ಇದು ದುಭಾಷಿಗೋ?"
"ಅಲ್ಲ," ಅಂದರು. ಮತ್ತೇನೂ ಅನ್ನಲಿಲ್ಲ,
ಮೊಲದ ಪಾದದಷ್ಟು ಚಿಕ್ಕ ಆ ಪೊರಕೆ ಹುಡುಕಿ
ಹುಡಿ ಗುಡಿಸತೊಡಗಿದರು.

ಹೆಬ್ಬೆರಳು ಎಲ್ಲೋ ಸುಟ್ಟಿತ್ತು, ರಾತ್ರಿ ಗೊತ್ತಾಯಿತು.

ಸೋಮವಾರ ಹಾಜರಿಗೆ ಒತ್ತಿದರೆ
ಗುರುತು ಸಿಗುತ್ತಿಲ್ಲ ಅಂದಿತು ಯಂತ್ರ, ಮಲಯಾಳದಲ್ಲಿ.
ಒರೆಸಿ ಒತ್ತಿದೆ. ಸಿಗುತ್ತಿಲ್ಲ.
ಸಾಲಿನ ಮೊದಲಲ್ಲಿ ನಿಂತಿದ್ದ ಬೀಫಾತಿಮ್ಮ
ಕೊರಳು ಚಾಚಿ ನೋಡಿ ಹೇಳಿದರು,
"ಇನ್ನೂ ಸ್ವಲ್ಪ ಒತ್ತಿ."