ಷರಾ

ಬರ್ಕಾದ ಕಡಲಂಚಿನಲ್ಲಿ
ಉಪ್ಪುನೀರನ್ನು ಸಿಹಿ ಮಾಡುವ ಕಾರ್ಖಾನೆ.
ರಾತ್ರಿ ಪಾಳಿ ನನ್ನದು.
ಗಂಟೆಗೊಮ್ಮೆ ಟಾರ್ಚು ಹಿಡಿದು
ಹದಿನೇಳು ಗೇಜುಗಳ ಮುಖ ನೋಡಿ
ಅಂಕಿ ಬರೆಯಬೇಕು:
ಒತ್ತಡ, ಶಾಖ, ಉಪ್ಪು.
ಕೊನೆಯಲ್ಲೊಂದು ಅಗಲ ಕಾಲಂ, ಷರಾ.
ಅಲ್ಲಿ ಯಾರೂ ಏನೂ ಬರೆಯುವುದಿಲ್ಲ.

ಮೇಲ್ವಿಚಾರಕ ಖಲ್ಫಾನ್
ಕಂಪ್ರೆಸರ್ ಹಿಂದೆ ರಟ್ಟು ಹಾಸಿ ನಮಾಜು ಮುಗಿಸಿ
ಚಪ್ಪಲಿ ಮೆಟ್ಟುತ್ತ ಒಂದು ದಿನ ಕೇಳಿದ,
ಚಹಾಕ್ಕೆ ಸಕ್ಕರೆ ಎಷ್ಟು ಅನ್ನುವ ಹಾಗೆ:
"ನೀನು ಯಾವಾಗ, ಜಯಾನಂದ?"

"ಶುಕ್ರವಾರ," ಅಂದೆ.
ರುವಿಯ ಚರ್ಚಿನಲ್ಲಿ ನಮಗೆ ಸಿಗುವ ಒಂದೂವರೆ ಗಂಟೆ,
ತಮಿಳರು ಹೊರಬಿದ್ದ ಮೇಲೆ, ಮಲಯಾಳಿಗಳು ಬರುವ ಮುಂಚೆ.
ಪಾಳಿ ಬಿದ್ದರೆ ಅದೂ ಇಲ್ಲ ಎಂದು ಹೇಳಲಿಲ್ಲ.
ಮೂರು ತಿಂಗಳಿಂದ ಇಲ್ಲ ಎಂದೂ.
ಅವನು ತಲೆಯಾಡಿಸಿದ, ಅಷ್ಟೇ.
ನನ್ನೊಳಗೆ ಎಲ್ಲೋ ಒಂದು ಮುಳ್ಳು
ಸೊನ್ನೆಯ ಕಡೆಗೆ ಇಳಿಯಿತು.

ಮುಲ್ಕಿಯ ಸಲೋಮಿ ದೊಡ್ಡಮ್ಮ ನೆನಪಾದಳು.
ಮಡಿಲ ಮೊರದಲ್ಲಿ ಬೀಡಿ ಎಲೆ,
ಸುತ್ತಿದ ಒಂದೊಂದಕ್ಕೂ ಒಂದೊಂದು ಹೆಸರು:
ಜ್ವರದ ಮಗು, ಕೋರ್ಟಿಗೆ ಅಲೆಯುವ ಅಳಿಯ,
ಲೆಕ್ಕದಲ್ಲಿ ಮೋಸ ಮಾಡುವ ಬ್ರಾಂಚಿನ ಯಜಮಾನ.
ಇಪ್ಪತ್ತೈದಾದರೆ ನೂಲು ಬಿಗಿದು, ಆಮೆನ್.
ಹೊಗೆಸೊಪ್ಪಿನ ಕೈಯಲ್ಲೇ ಪ್ರಾರ್ಥನೆಯೇ ಎಂದು
ಸಭೆಯ ಹಿರಿಯರು ಮುಖ ಸಿಂಡರಿಸಿದರೆ
"ಸೊಪ್ಪು ಸೇಟಿನದ್ದು ಅಯ್ಯಾ, ಬೆರಳು ದೇವರದ್ದು."
ಅವಳು ಮೊಣಕಾಲೂರಿದ್ದು ನಾನು ಕಂಡಿಲ್ಲ.
ಅವಳಿಗೆ ಮೊಣಕಾಲು ನೋವು.

ಸರಿ, ಗೇಜಿಗೊಂದು ಹೆಸರು, ಅಂದುಕೊಂಡೆ.
ಒಂದಕ್ಕೆ ಹೆಂಡತಿ ಕರುಣಾ.
ಎರಡಕ್ಕೆ ಮಗಳು, ಅವಳ ಲೆಕ್ಕದ ಪರೀಕ್ಷೆ.
ಮೂರಕ್ಕೆ ಮೇಲಿನ ಬಂಕಿನ ನೇಪಾಳಿ ಭೀಮಸೇನ,
ನಿದ್ದೆಯಲ್ಲಿ ಅಳುತ್ತಾನೆ, ಎದ್ದಾಗ ಒಪ್ಪುವುದಿಲ್ಲ.
ಏಳು ಮುಟ್ಟುವಷ್ಟರಲ್ಲಿ ಮನಸ್ಸು
ಸಾಲದ ಕಂತು ಎಣಿಸುತ್ತಿತ್ತು.
ಹನ್ನೊಂದಕ್ಕೆ ಹಸಿವು.
ಹದಿನೇಳಕ್ಕೆ ಯಾರೂ ಉಳಿದಿರಲಿಲ್ಲ.
ಉಳಿದಿದ್ದ, ಒಬ್ಬ:
ವೀಸಾಕ್ಕೆಂದು ಎರಡೆರಡು ಸಲ ನನ್ನ ದುಡ್ಡು ತಿಂದ
ಏಜೆಂಟ್ ಫೆಲಿಕ್ಸ್.
ನಾಲಿಗೆ ಒಣಗಿತು. ಅಂಕಿ ಮಾತ್ರ ಬರೆದೆ.

ಆಗಸ್ಟಿನ ಒಂದು ರಾತ್ರಿ ದೊಡ್ಡ ಪಂಪು ನಿಂತಿತು.
ಅಲಾರಂ, ಕೆಂಪು ದೀಪ, ಓಡುವ ಬೂಟುಗಳು.
ವಾಲ್ವಿನ ಚಕ್ರಕ್ಕೆ ಜೋತುಬಿದ್ದು
ನಾನು ಆಡಿದ್ದು ಒಂದೇ ಮಾತು: ಅಪ್ಪಾ.
ಅದು ಪ್ರಾರ್ಥನೆಯೋ ಬೈಗುಳವೋ
ಇಂದಿಗೂ ಗೊತ್ತಿಲ್ಲ.
ಚಕ್ರ ತಿರುಗಿತು.
ತಿರುಗದಿದ್ದರೂ ಅದೇ ಮಾತು ಬರುತ್ತಿತ್ತು.

ನೂರು ಲೋಟ ಕಡಲನ್ನು ಪೊರೆಗೆ ಒತ್ತಿದರೆ
ನಲವತ್ತು ಲೋಟ ಸಿಹಿಯಾಗಿ ದಾಟುತ್ತದೆ.
ಉಳಿದ ಅರವತ್ತು, ಇನ್ನಷ್ಟು ಉಪ್ಪಾಗಿ,
ಬಂದ ಕಡೆಗೇ ಮರಳುತ್ತದೆ.
ನಲವತ್ತು ಒಳ್ಳೆಯ ದರ, ಎನ್ನುತ್ತಾರೆ ಎಂಜಿನಿಯರು.
ನನ್ನದು ಹತ್ತೂ ಇರಲಿಕ್ಕಿಲ್ಲ.
ಉಪ್ಪು ಬಿಡುವ ಕೊಳವೆಯ ಬಾಯಲ್ಲಿ ನಿಂತು
ಎಷ್ಟೋ ಸಲ ನೋಡಿದ್ದೇನೆ.
ದಡದ ಬೆಸ್ತರು ಗೊಣಗುತ್ತಾರೆ, ನಿಜ.
ಕಡಲು ಮಾತ್ರ, ಏನಾಯಿತು ಎಂದು ಕೇಳದೆ
ತನ್ನದನ್ನು ತಾನು ತೆಗೆದುಕೊಳ್ಳುತ್ತದೆ.

ಈಗ ನಾಲ್ಕು ಗಂಟೆಯ ಸುತ್ತು.
ದಾಟಿದ ನೀರು ಯಾರ ಯಾರ ನಲ್ಲಿಗೋ.
ಇನ್ನು ಸ್ವಲ್ಪ ಹೊತ್ತಿಗೆ ಖಲ್ಫಾನ್
ಅದರಲ್ಲೇ ಕೈಕಾಲು ತೊಳೆಯುತ್ತಾನೆ,
ಭೀಮಸೇನ ಅಕ್ಕಿ.
ಒಂದು, ಎರಡು, ಮೂರು. ಏಳರಲ್ಲಿ ಮತ್ತೆ ಕಂತು.
ಅದನ್ನೂ ಕರೆದುಕೊಂಡೇ ಎಂಟಕ್ಕೆ ಹೋಗುತ್ತೇನೆ.
ಹದಿನೇಳರ ಮುಂದೆ ಟಾರ್ಚು ತುಸು ನಿಲ್ಲುತ್ತದೆ.
ಫೆಲಿಕ್ಸ್, ಎನ್ನುತ್ತೇನೆ.
ಅದರಾಚೆಗೆ ಇನ್ನೂ ಮಾತು ಹುಟ್ಟಿಲ್ಲ.

ಒತ್ತಡ ಅರವತ್ತೆರಡು.
ಷರಾದಲ್ಲಿ ಪೆನ್ನಿನ ತುದಿ
ಒಂದು ಚುಕ್ಕಿ ಊರಿ ಏಳುತ್ತದೆ.
ಖಲ್ಫಾನ್ ಅದನ್ನು ನೋಡುತ್ತಾನೆ,
ನನ್ನನ್ನು ನೋಡುತ್ತಾನೆ,
ಕೆಳಗೆ ಸಹಿ ಹಾಕುತ್ತಾನೆ.