ಹಾಳೆ ಇಪ್ಪತ್ತೇಳು

ಈಶಾನ್ಯ ಮೂಲೆಯಲ್ಲಿ
ನಾಲ್ಕು ಸಾವಿರದ ಇನ್ನೂರು ಮೀಟರಿನ ಗೆರೆ
ಒಂದು ಕಡೆ ಮಂಡಿ ಮಡಿಸಿ ಕೂರುತ್ತದೆ.
ಆ ಮಡಿಲಲ್ಲಿ ಕೆನ್ಯುವಾ ಮರಗಳಿವೆ.
ನಕ್ಷೆಯಲ್ಲಿ ಇಲ್ಲ.

ಇಲಾಖೆಯ ನಿಯಮ ನನಗೆ ಬಾಯಿಪಾಠ:
ಕಾಗದದ ಮೇಲೆ ಹೆಸರುಕಾಳಿಗಿಂತ ಚಿಕ್ಕದಾದ ಕಾಡು
ಕಾಡಲ್ಲ. ಹಸಿರು ಬಳಿಯಬೇಡ.
ಹನ್ನೊಂದು ವರ್ಷ ಬಳಿಯಲಿಲ್ಲ,
ಕುಸ್ಕೋದ ಎರಡನೇ ಮಹಡಿಯಲ್ಲಿ ಕೂತು
ವಿಮಾನದಿಂದ ತೆಗೆದ ಚಿತ್ರಗಳ ಮೇಲೆ ಭೂತಗನ್ನಡಿ ಜಾರಿಸುತ್ತ.

ಈಗ ಹೆಸರು ಬರೆದುಕೊಂಡು ಬಾ ಎಂದು ಕಳಿಸಿದ್ದಾರೆ:
ಯಾವ ಹಳ್ಳಕ್ಕೆ, ಯಾವ ಕಣಿವೆಗೆ ಸ್ಥಳೀಯರು ಏನನ್ನುತ್ತಾರೆ.
ಸ್ಥಳೀಯರು ಅಂದರೆ ನಾಸಾರಿಯಾ ಚೋಕೆ,
ಮೂವತ್ತೆರಡು ಅಲ್ಪಾಕಾ, ಒಂದು ಕುಂಟ ನಾಯಿ.

ಹಾಳೆ ಕೈಗಿಟ್ಟೆ. ಆಕೆ ಅದನ್ನು ತಿರುಗಿಸಿದಳು,
ಉತ್ತರ ತನ್ನ ಕಾಲ ಬಳಿ ಬರುವಂತೆ.
'ಅಮ್ಮಾ, ತಲೆಕೆಳಗಾಯಿತು.'
'ನೀರು ನನ್ನ ಕಡೆ ಬರುತ್ತದಲ್ಲ,
ಕಾಗದದಲ್ಲಿ ಮಾತ್ರ ಯಾಕೆ ಆಚೆ ಓಡಬೇಕು?'

ಕಂದು ಗೆರೆಗಳ ಮೇಲೆ ಬೆರಳು ಎಳೆದಳು. 'ಇದು ಉತ್ತ ಸಾಲೇ?'
'ಅಲ್ಲ, ಎತ್ತರ.'
'ಎತ್ತರವನ್ನು ಬರೆಯುವುದೇನು, ಎದೆ ಹೇಳುತ್ತದೆ.'
ನಿಜ. ನನ್ನದು ಆಗಿನಿಂದ ಹೇಳುತ್ತಲೇ ಇತ್ತು.

ನಡೆದೆವು. ದೂರ ಎಷ್ಟೆಂದರೆ
ಒಂದು ಬಾಯಿ ಕೋಕಾ ಎಲೆಯ ಸಾರ ಮುಗಿಯುವಷ್ಟು;
ನನ್ನ ಅಳತೆಪಟ್ಟಿಯಲ್ಲಿ ಒಂಬತ್ತು ಸೆಂಟಿಮೀಟರು.

ಬಂಡೆಗಳ ಸಂದಿಯಲ್ಲಿ ಸೊಟ್ಟ ಸೊಟ್ಟ ಮರಗಳು,
ಕೆಲವು ನನ್ನ ಹೆಗಲಿಗೆ, ಕೆಲವು ಇನ್ನೂ ಮೇಲಕ್ಕೆ.
ಕೆಂಪು ತೊಗಟೆ ಪದರ ಪದರವಾಗಿ ಸುಲಿದು
ಗಾಳಿಗೆ ಸರಸರ ಅನ್ನುತ್ತಿತ್ತು,
ಯಾರೋ ಕಡತದೊಳಗೆ ಏನೋ ಹುಡುಕುತ್ತಿರುವ ಹಾಗೆ.
ಒಳಗೆ ಮಂಜು ಹನಿಯಾಗಿ ಪಾಚಿಗೆ,
ಪಾಚಿಯಿಂದ ಬೆರಳಗಲದ ನೀರು,
ಅದೇ ಕೆಳಗಿಳಿದು ನಾನು ನೀಲಿಯಲ್ಲಿ ಎಳೆದಿದ್ದ ಹಳ್ಳ.
ನನ್ನ ಗೆರೆ ಶುರುವಾಗಿದ್ದು
ಇಲ್ಲಿಂದ ಇನ್ನೂರು ಮೀಟರು ಕೆಳಗೆ, ಬರೀ ಕಲ್ಲಿನ ಮೇಲೆ.

ಪೆನ್ಸಿಲ್ ತೆಗೆದೆ. 'ಈ ಜಾಗಕ್ಕೆ ಹೆಸರೇನು?'
ಯಾವ ಮರಕ್ಕೆ ಸಿಡಿಲು ಬಡಿಯಿತು ಹೇಳಿದಳು,
ಯಾವುದರ ಬುಡದಲ್ಲಿ ಬಿಳಿ ಮರಿ ಹುಟ್ಟಿತು,
ಆಲಿಕಲ್ಲಿನ ವರ್ಷ ಗಂಡ ಯಾವುದನ್ನು ಕಡಿದ,
ಆಮೇಲೆ ಎಷ್ಟು ದಿನ ತಾನು ಅವನ ಜೊತೆ ಮಾತಾಡಲಿಲ್ಲ.
'ಹೆಸರು?' ಮತ್ತೆ ಕೇಳಿದೆ.
'ಮರದ ಹತ್ತಿರ ಅನ್ನುತ್ತೇವೆ.
ಬೇರೆ ಎಲ್ಲಿದೆ ಮರ, ಗೊಂದಲವಾಗಲು?'

ಹಾಗೆಯೇ ಬರೆದುಕೊಂಡೆ. ವಾಪಸು ಬಂದು
ಹೆಸರುಕಾಳಿಗಿಂತ ಚಿಕ್ಕದೊಂದು ಹಸಿರು ಚುಕ್ಕೆ ಇಟ್ಟೆ,
ನೀಲಿ ಗೆರೆಯನ್ನು ಅಲ್ಲಿಯವರೆಗೆ ಹತ್ತಿಸಿದೆ.

ಇಂಜಿನಿಯರ್ ಪಾಲೊಮಿನೊ ಒಳ್ಳೆಯ ಮನುಷ್ಯ,
ನಿಯಮ ತೋರಿಸಿ ಹಸಿರನ್ನು ತೆಗೆಸಿದರು, ಹೆಸರನ್ನೂ;
ಅದು ಹೆಸರಲ್ಲವಂತೆ.
ನೀಲಿಯನ್ನು ಯಾರೂ ಅಳೆಯಲಿಲ್ಲ.

ಹಾಳೆ ಇಪ್ಪತ್ತೇಳು ಅಚ್ಚಾಗಿದೆ. ಬೇಕಾದರೆ ನೋಡಿ:
ಈಶಾನ್ಯದಲ್ಲಿ ಒಂದು ಹಳ್ಳ
ಏನೂ ಇಲ್ಲದ ಬಿಳಿಯಿಂದ ಹುಟ್ಟುತ್ತದೆ.