ಹತ್ತು ಗಂಟೆಯ ಕೆಂಪು

ಸೋಮವಾರ ನಮ್ಮ ಅಂಗಡಿಗೆ ರಜೆ.
ಕುತಾಯಿಸಿಯ ಕೂದಲೆಲ್ಲ ಆ ದಿನ ತನ್ನಷ್ಟಕ್ಕೆ ಬೆಳೆದುಕೊಳ್ಳಲಿ.
ನಾಲ್ಕು ಕುರ್ಚಿ, ನಾಲ್ಕು ಕನ್ನಡಿ, ನಡುವೆ ನಾನು,
ಮಡಿಲಲ್ಲಿ ಐದನೆಯದು:
ಅಕ್ಕನ ಮಗ ಸಾಂದ್ರೋ ಹಾಕಿಕೊಟ್ಟ ಡ್ಯಾಶ್‌ಬೋರ್ಡು.
"ಲಮಝೀರಾ ಚಿಕ್ಕಮ್ಮ, ಇನ್ನು ನೀನು ಊಹಿಸಬೇಕಿಲ್ಲ" ಅಂದಿದ್ದ.
ಅಂದಿನಿಂದ ಊಹಿಸುವುದೇ ಕೆಲಸವಾಗಿದೆ.

ಬಂದವರು ಹಸಿರು. ಮುಂಚೆ ತಿಳಿಸಿ ಬಿಟ್ಟವರು ಹಳದಿ.
ಹೇಳದೆ ಕೇಳದೆ ಬಾರದವರು ಕೆಂಪು.
ಕುರ್ಚಿ ತುಂಬಿದ್ದು ನೂರಕ್ಕೆ ಅರವತ್ತೆಂಟು.
ಒಂದು ತಲೆಗೆ ಸರಾಸರಿ ಐವತ್ತು ನಿಮಿಷ.
ಐವತ್ತು ನಿಮಿಷದ ತಲೆಯನ್ನು
ಇಪ್ಪತ್ತೆರಡು ವರ್ಷದಲ್ಲಿ ನಾನೊಂದೂ ಕಂಡಿಲ್ಲ.
ಬರೀ ಕತ್ತರಿಯಾದರೆ ಇಪ್ಪತ್ತು, ಬಣ್ಣವಾದರೆ ಎಂಬತ್ತು;
ಐವತ್ತರಲ್ಲಿ ಯಾರೂ ವಾಸವಿಲ್ಲ,
ಅದು ಎರಡು ಊರಿನ ನಡುವಿನ ಮೈಲಿಗಲ್ಲು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಬೆನ್ನಿನ ಹುಣ್ಣಿಗೆ?
ಕತ್ತರಿಸಿ ಮುಗಿಸಿ, ಹಿಂದೊಂದು ಕನ್ನಡಿ ಹಿಡಿಯುತ್ತೇವಲ್ಲ,
ತಮ್ಮದೇ ಕತ್ತು, ತಾವೆಂದೂ ಕಾಣದ್ದು,
ಎಲ್ಲರೂ ನೋಡುವ ಮೊದಲೇ 'ಚೆನ್ನಾಗಿದೆ' ಅಂದುಬಿಡುತ್ತಾರೆ.
ನಾನೂ ಹಾಗೇ ಆರು ವಾರ ಅಂದೆ.

ಆರು ವಾರ. ಗುರುವಾರ, ಹತ್ತು ಗಂಟೆ,
ಅದೇ ಚೌಕದಲ್ಲಿ ಅದೇ ಕೆಂಪು.
ಮುಂಗಡ ಕಟ್ಟಿಸಿಕೋ ಅಂದ ಸಾಂದ್ರೋ.
ಕುರ್ಚಿವಾರು ಬಿಡಿಸಿ ನೋಡಿದರೆ ಕೆಂಪೆಲ್ಲ ಝುಝುನಾಳ ಪಾಲಿಗೆ,
ಗಂಟೆಯ ಗಳಿಕೆಯಲ್ಲಿ ನಾಲ್ವರಲ್ಲಿ ಅವಳೇ ಕಡೆ.
ಅಂಕಿ ಬೆರಳು ತೋರಿಸುತ್ತದೆ;
ಬೆರಳ ತುದಿಯಲ್ಲಿ ನಿಂತವಳು ಯಾರೆಂದು ಅದಕ್ಕೆ ಗೊತ್ತಿಲ್ಲ.
ಅವಳಿಗೆಂದು ಎರಡು ಮಾತು ಸಿದ್ಧಮಾಡಿಟ್ಟುಕೊಂಡೆ.

ಆಮೇಲೆ ಕೆಂಪನ್ನು ಒತ್ತಿ ಹೆಸರು ತೆರೆದೆ.
ಎತೆರಿ. ನಾರ್ಗಿಝಾ. ಪಿಯಾನೋ ಕಲಿಸುವ ದೋದೋ. ಮತ್ತೆ ಎತೆರಿ.
ವಯಸ್ಸು ಬೇರೆ, ಕೂದಲು ಬೇರೆ,
ವಿಳಾಸ ಮಾತ್ರ ಎಲ್ಲರದೂ ರಿಯೋನಿಯಾಚೆಯ ಗುಡ್ಡದ್ದು.
ಝುಝುನಾ ಹುಟ್ಟಿದ್ದೂ ಅಲ್ಲೇ; ಅಲ್ಲಿಯವರು ಅವಳ ಕೈಯನ್ನೇ ಕೇಳುತ್ತಾರೆ.
ಗ್ರಾಫಿನಲ್ಲಿ ಗುಡ್ಡಕ್ಕೆ ಕಂಬವಿಲ್ಲ.

ಗುರುವಾರ ಒಂಬತ್ತೂವರೆಗೆ ಗುಡ್ಡದ ನಿಲ್ದಾಣದಲ್ಲಿ ನಾನೇ ನಿಂತೆ,
ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ.
ಹದಿನೇಳನೇ ನಂಬರಿನ ವ್ಯಾನು ಬರಲಿಲ್ಲ.
ಬದನೆ ಮಾರುವ ಮುದುಕ ಹೇಳಿದ:
ಈಗೀಗ ಗುರುವಾರ ಮೊದಲ ಸುತ್ತು ಸಂತೆಯ ಮೂಟೆಗೆ,
ಮನುಷ್ಯರಿಗೆ ಹತ್ತೂಕಾಲಿಗೆ. ಒಮ್ಮೊಮ್ಮೆ.
ಅಷ್ಟರಲ್ಲಿ ಎತೆರಿ. ನನ್ನನ್ನು ಕಂಡವಳೇ
ಸ್ಕಾರ್ಫನ್ನು ಹಣೆಗೆ ಎಳೆದುಕೊಂಡಳು, ಸಾಲಗಾರಳ ಹಾಗೆ.
"ಪ್ರತಿ ಸಲ ವ್ಯಾನು ಬಂದೀತು ಅಂತಲೇ ಸಮಯ ಕೇಳುತ್ತೇನೆ.
ತಡವಾಗಿ ಬಂದು ಎಲ್ಲರೆದುರು ಕೂರುವುದಕ್ಕಿಂತ
ಬಾರದಿರುವುದೇ ಮರ್ಯಾದೆ ಅನ್ನಿಸಿತು."
ಝುಝುನಾಳಿಗೆಂದು ಇಟ್ಟಿದ್ದ ಎರಡು ಮಾತು
ಬೀಜದ ಸಿಪ್ಪೆಯ ಜೊತೆ ಬಾಯಲ್ಲಿತ್ತು. ಉಗಿದೆ.

ಗುರುವಾರದ ಹತ್ತನ್ನು ಹತ್ತೂಮುಕ್ಕಾಲಿಗೆ ಸರಿಸಿದೆ. ಅಷ್ಟೇ.
ಮುಂಗಡ ಇಲ್ಲ, ಎಚ್ಚರಿಕೆಯ ಸಂದೇಶ ಇಲ್ಲ.

ಈ ಸೋಮವಾರ ಚೌಕ ಹಸಿರಾಗಿದೆ.
"ನೋಡಿದೆಯಾ" ಅಂತ ಸಾಂದ್ರೋ ಫೋನಿನಲ್ಲಿ ಬೀಗುತ್ತಾನೆ. ಬೀಗಲಿ,
ಕೆಂಪು ತೋರಿಸಿದ್ದು ಅವನದೇ ಕನ್ನಡಿ.
ಆದರೆ ಆರು ವಾರ, ಆ ಖಾಲಿ ಹೊತ್ತಿನಲ್ಲಿ,
ಉಳಿದ ಮೂವರ ಟವೆಲನ್ನೂ ಝುಝುನಾ ಒಗೆದು ಹರವಿದ್ದು
ಯಾವ ಬಣ್ಣದಲ್ಲೂ ಬಂದಿಲ್ಲ.

ಶನಿವಾರ ನಾಲ್ಕಕ್ಕೆ, ಉಗುರಿನಷ್ಟು, ಹೊಸ ಕೆಂಪು.
ಚೆನ್ನಾಗಿದೆ ಅನ್ನುವ ಮೊದಲು
ಕತ್ತನ್ನು ತುಸು ತಿರುಗಿಸುತ್ತೇನೆ.